ಒಂದು ಮಾರು ಬಿದಿರು: ಬಿಸಿಲ ಸೀಮೆಯಲ್ಲಿ ಬಿಲ್ಲು ಕೆತ್ತುವ ಬಗೆ

ಬಿದಿರು ತರುವ ಮೊದಲು ಗೋಡೆಗೆ ಬೆನ್ನು ಕೊಟ್ಟು ನಿಂತು ಎರಡೂ ಕೈಗಳನ್ನು ಅಗಲಕ್ಕೆ ಚಾಚಿ. ಒಂದು ಕೈಯ ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗೆ ಮನೆಯವರಿಂದ ಅಳೆಸಿಕೊಳ್ಳಿ. ಅದು ನಿಮ್ಮ ಮಾರು. ಬಾವಿಯ ಹಗ್ಗ ಅಳೆಯಲು ಹಿರಿಯರು ಬಳಸುತ್ತಿದ್ದ ಈ ಅಳತೆಯೇ ನಿಮ್ಮ ಮೊದಲ ಬಿಲ್ಲಿನ ಉದ್ದ. ಆ ಸಂಖ್ಯೆಯನ್ನು ಎರಡೂವರೆಯಿಂದ ಭಾಗಿಸಿದರೆ ನೀವು ಹೆದೆಯನ್ನು ಎಷ್ಟು ದೂರ ಎಳೆಯುತ್ತೀರಿ ಎಂಬುದೂ ಹೆಚ್ಚುಕಡಿಮೆ ಸಿಗುತ್ತದೆ. ನನ್ನ ಮಾರು 165 ಸೆಂಟಿಮೀಟರ್. ಎಳೆತ 66 ಸೆಂಟಿಮೀಟರ್, ಅಂದರೆ 26 ಅಂಗುಲ. ನಮ್ಮ ಹಳೆಯ ಲೆಕ್ಕದಲ್ಲಿ ನಾಲ್ಕು ಮೊಳಕ್ಕೆ ಒಂದು ಧನು. ನೆಲ ಅಳೆಯುವ ಕೋಲಿಗೇ ಬಿಲ್ಲಿನ ಹೆಸರಿತ್ತು. ನಾಲ್ಕು ಮೊಳವೆಂದರೂ ಒಬ್ಬ ಆಳಿನ ಒಂದು ಮಾರೇ ಆಗುತ್ತದೆ. ಈ ಕೆಲಸದಲ್ಲಿ ಟೇಪಿಗಿಂತ ನಿಮ್ಮ ಮೈಯೇ ಹೆಚ್ಚು ನಂಬಿಕೆಯ ಅಳತೆಗೋಲು.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಈ ಹುಚ್ಚು ಹತ್ತಿದ್ದು ಆನೆಗೊಂದಿಯಲ್ಲಿರುವ ಅಕ್ಕನ ಮನೆಯಲ್ಲಿ. ಅಕ್ಕನ ಮಗ ಬಿದಿರಿನ ದಬ್ಬೆಗೆ ದಾರ ಕಟ್ಟಿ, ಜೋಳದ ದಂಟಿನ ತುದಿಗೆ ಜಾಲಿಮುಳ್ಳು ಸಿಕ್ಕಿಸಿ ಬಾಣ ಮಾಡಿಕೊಂಡಿದ್ದ. ದಾರ ಸಡಿಲಾಗಿತ್ತು. "ಮಾಮಾ, ಬಿಗಿ ಮಾಡಿಕೊಡು" ಎಂದ. ಬಿಗಿ ಮಾಡಿ, ಸರಿಯಾಗಿದೆಯೇ ಎಂದು ನೋಡಲು ಒಮ್ಮೆ ಹೊಡೆದೆ. ದಂಟು ಅಂಗಳ ದಾಟಿ ಹುಲ್ಲಿನ ಬಣವೆಗೆ ಚುಚ್ಚಿಕೊಂಡು ನಿಂತಿತು. ಆ ಕ್ಷಣದಲ್ಲಿ ಅಂಗೈಗೆ ಬಂದ ಮೃದುವಾದ ಹೊಡೆತವನ್ನು ಇಂದಿಗೂ ಮರೆತಿಲ್ಲ. ರಾಮ ವಾಲಿಯನ್ನು ಬಾಣದಿಂದ ಕೆಡವಿದ್ದು ಇಲ್ಲೇ ಎಂದು ನಂಬುವ ಊರು ಅದು. ಹೊಳೆಯಾಚೆ ಹಂಪಿಯ ಹಜಾರರಾಮ ದೇವಾಲಯದ ಗೋಡೆಯಲ್ಲಿ ರಾಮಾಯಣವೆಲ್ಲ ಕಲ್ಲಾಗಿ ನಿಂತಿದೆ. ನಮ್ಮ ಭಾಗದ ಬೇಡ ನಾಯಕರ ಮನೆತನಗಳಿಗೆ ಬಿಲ್ಲು ಕುಲದ ಗುರುತು. ಇಷ್ಟೆಲ್ಲ ಇದ್ದೂ ನಾನು ನಲವತ್ತು ದಾಟುವವರೆಗೆ ಒಂದು ನಿಜವಾದ ಬಿಲ್ಲನ್ನು ಕೈಯಲ್ಲಿ ಹಿಡಿದಿರಲಿಲ್ಲ. ಕೊಳ್ಳಲು ಹೊರಟವನು ಕೊನೆಗೆ ಮಾಡಲು ಕೂತೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ: ಮೊದಲ ಬಿಲ್ಲನ್ನು ನೀವೇ ಮಾಡಿ, ಆಮೇಲೆ ಬೇಕಾದರೆ ಕೊಳ್ಳಿ. ಎಲ್ಲಿ ಎಷ್ಟು ಬಾಗಬೇಕೆಂದು ಕಟ್ಟಿಗೆಗೆ ಕಲಿಸುತ್ತಾ ಕೂತಾಗ ಬಿಲ್ಲುಗಾರಿಕೆಯ ಅರ್ಧ ಪಾಠ ತಾನಾಗಿ ಕೈಗೆ ಇಳಿಯುತ್ತದೆ.

ಮೊದಲ ಬಿಲ್ಲಿಗೆ ಮರ ಬೇಡ, ಬಿದಿರು ಇರಲಿ. ಬಿದಿರಿನ ಹೊರಸಿಪ್ಪೆಯ ಹತ್ತಿರ ನಾರುಗಳು ಒತ್ತಾಗಿರುತ್ತವೆ, ಒಳಕ್ಕೆ ಹೋದಂತೆ ವಿರಳವಾಗುತ್ತವೆ. ಬಿಲ್ಲು ಬಾಗಿದಾಗ ಗುರಿಯ ಕಡೆಗಿರುವ ಹೊರಮೈ ಹಿಗ್ಗಬೇಕು, ನಮ್ಮ ಕಡೆಗಿರುವ ಒಳಮೈ ಕುಗ್ಗಬೇಕು. ಹಿಗ್ಗುವ ಕೆಲಸಕ್ಕೆ ಸಿಪ್ಪೆಯಂಥ ಮೈ ಹುಟ್ಟಿನಿಂದಲೇ ಸಿದ್ಧವಾಗಿದೆ. ನೀವು ಅದನ್ನು ಮುಟ್ಟದಿದ್ದರೆ ಸಾಕು. ಮರದಲ್ಲಿ ಆ ಮೈಯನ್ನು ಹುಡುಕಿ ಬಿಡಿಸಬೇಕಾಗುತ್ತದೆ.

ಬಿದಿರು ಆರಿಸುವುದು ಮತ್ತು ಒಣಗಿಸುವುದು

ಏಣಿ, ಬುಟ್ಟಿ, ಮೊರ ಮಾಡುವ ಮೇದಾರರ ಓಣಿ ನಮ್ಮ ಪ್ರತಿಯೊಂದು ತಾಲ್ಲೂಕು ಊರಿನಲ್ಲೂ ಇದೆ. ಅಲ್ಲಿಗೆ ಹೋಗಿ, ಬಿಲ್ಲಿಗೆ ಬೇಕೆಂದು ಬಾಯಿ ಬಿಟ್ಟು ಹೇಳಿ. ನನಗೆ ಬಿದಿರು ಕೊಟ್ಟ ಅಜ್ಜ ರಾಶಿಯಲ್ಲಿದ್ದ ಒಂದೊಂದನ್ನೂ ಕುಡಗೋಲಿನ ಹಿಂಬದಿಯಿಂದ ಬಡಿದು, "ತಮ್ಮಾ, ಬಿದಿರನ್ನು ಕಣ್ಣಿಗಿಂತ ಕಿವಿಯಿಂದ ಆರಿಸಬೇಕು" ಎಂದರು. ಎಳೆಯ ಬಿದಿರು ಮಂದವಾಗಿ ಕೇಳಿಸುತ್ತದೆ, ಬಲಿತದ್ದು ಖಣ್ಣೆನ್ನುತ್ತದೆ. ಮೂರು ವರ್ಷ ದಾಟಿದ, ಒಳಗೆ ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು ಬೇಕು; ಲಾಠಿ ಮಾಡುವ ಜಾತಿ ಇದು. ಸುತ್ತಳತೆ ಮುಷ್ಟಿಗೆ ಸಿಗದಷ್ಟು ದಪ್ಪವಿರಲಿ, ಅಂದರೆ ಅಡ್ಡಳತೆ ಆರರಿಂದ ಎಂಟು ಸೆಂಟಿಮೀಟರ್. ಗೋಡೆಯ ದಪ್ಪ ಹನ್ನೆರಡು ಮಿಲಿಮೀಟರಿಗೆ ಕಡಿಮೆಯಾಗಬಾರದು. ಆದ್ದರಿಂದ ಬುಡದ ಭಾಗವನ್ನೇ ಕೇಳಿ. ಗಿಣ್ಣುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಕೆಲಸ ಹಗುರ.

ಕಡಿದ ಕಾಲ ಯಾವುದೆಂದು ಕೇಳುವುದನ್ನು ಮರೆಯಬೇಡಿ. ಮಳೆಗಾಲದಲ್ಲಿ, ಬೆಳೆಯುವ ಹೊತ್ತಿನಲ್ಲಿ ಬಿದಿರು ಕಡಿದರೆ ಕೆಲವೇ ತಿಂಗಳಲ್ಲಿ ಹುಳ ಹೊಕ್ಕು ಹಳದಿ ಪುಡಿ ಉದುರುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಕಡಿದದ್ದು ಉತ್ತಮ. ಸ್ವಂತ ಹೊಲದ ಬದುವಿನಲ್ಲಿ ಬಿದಿರಿದ್ದರೆ ಇನ್ನೂ ಒಳ್ಳೆಯದು. 2017ರಲ್ಲಿ ಅರಣ್ಯ ಕಾಯಿದೆಗೆ ತಂದ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಕಾನೂನಿನ ಲೆಕ್ಕದಲ್ಲಿ ಮರವಲ್ಲ. ಕಾಡಿನ ಬಿದಿರಿನ ಮಾತು ಬೇರೆ. ಅದಕ್ಕೆ ಕೈ ಹಾಕಬೇಡಿ.

ಇನ್ನು ಒಣಗಿಸುವ ವಿಷಯ. ನಾನು ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನನ್ನ ಮೊದಲ ಬಿಲ್ಲು ಮುರಿದದ್ದು ಇಲ್ಲೇ. ಬಿಲ್ಲು ಮಾಡುವ ಬಗ್ಗೆ ತಂಪು ದೇಶದವರು ಹೇಳುವುದೆಲ್ಲ ಕಟ್ಟಿಗೆ ಬೇಗ ಒಣಗುವುದಿಲ್ಲ ಎಂಬ ಚಿಂತೆಯಿಂದ ಹುಟ್ಟಿದ್ದು. ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಚಿಂತೆ ಅದಕ್ಕೆ ತಿರುಗಾಮುರುಗಾ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಒಣ ಬಿಸಿಲು ಹಸಿ ಬಿದಿರನ್ನು ಹೊರಗಿನಿಂದ ಸುಡುತ್ತದೆ, ಒಳಗೆ ನೀರು ಹಾಗೆಯೇ ಇರುತ್ತದೆ. ಹೊರಮೈ ಕುಗ್ಗಿ ಸೀಳುತ್ತದೆ. ಅವಸರಪಟ್ಟು ನಾನು ಬಿದಿರನ್ನು ತಗಡಿನ ಮಾಡಿನ ಮೇಲೆ ಹದಿನೈದು ದಿನ ಇಟ್ಟೆ. ಮೇಲೆ ನೋಡಲು ಚಿನ್ನದಂತೆ ಬಂದಿತ್ತು. ಕೆತ್ತಿ, ಹದ ಮಾಡಿ, ನಾಲ್ಕನೆಯ ದಿನ ಹೆದೆ ಎಳೆದಾಗ ಗಿಣ್ಣಿನ ಬಳಿ ಕಣ್ಣಿಗೆ ಕಾಣದಿದ್ದ ಬಿರುಕು ಬಾಯಿಬಿಟ್ಟು ಬಿಲ್ಲು ಎರಡಾಯಿತು. ಒಂದು ಚೂರು ನನ್ನ ಹುಬ್ಬಿನ ಮೇಲೆ ಗೀರಿ ಹೋಯಿತು. ಸ್ವಲ್ಪ ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಅಂದಿನಿಂದ ಹದ ಮಾಡುವಾಗ ಕನ್ನಡಕ ಹಾಕಿಕೊಳ್ಳದೆ ನಾನು ಹಗ್ಗ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ.

ಆದ್ದರಿಂದ ಬಿದಿರನ್ನು ತಂದ ದಿನವೇ ಉದ್ದಕ್ಕೆ ಎರಡಾಗಿ ಸೀಳಿಡಿ. ಇಡಿಯಾಗಿ ಒಣಗಿಸಿದರೆ ತನಗಿಷ್ಟ ಬಂದ ಕಡೆ ಸೀಳಿಕೊಳ್ಳುತ್ತದೆ. ಕಡಿದ ತುದಿಗಳಿಗೆ ಫೆವಿಕಾಲ್ ಅಥವಾ ಕರಗಿಸಿದ ಮೇಣ ಬಳಿಯಿರಿ, ನೀರು ತುದಿಗಳಿಂದ ಓಡಿಹೋಗದಂತೆ. ಗಾಳಿಯಾಡುವ ನೆರಳಿನಲ್ಲಿ, ಪಡಸಾಲೆಯ ಅಟ್ಟದ ಕೆಳಗೆ ಅಡ್ಡಡ್ಡ ಮಲಗಿಸಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಯ ಮೇಲೆ ಬರೆದಿಡಿ. ಮೂರು ವಾರ ಸತತವಾಗಿ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ನೆರಳಿನಲ್ಲಿಟ್ಟ ಬಿದಿರು ನಮ್ಮಲ್ಲಿ ಎರಡು ಮೂರು ತಿಂಗಳಿಗೆ ಹದಕ್ಕೆ ಬರುತ್ತದೆ. ಸಂಕ್ರಾಂತಿಗೆ ಇಟ್ಟದ್ದು ಯುಗಾದಿಯ ಹೊತ್ತಿಗೆ ಕೆತ್ತಲು ಸಿದ್ಧ.

ಕೆತ್ತುವುದು

ಸಾಮಾನುಗಳು ಹೆಚ್ಚೇನಿಲ್ಲ. ಮಚ್ಚು, ಒಂದು ಒರಟು ಅರ, ಒಂದು ನಯವಾದ ಅರ, ಮರಳು ಕಾಗದ, ಕೆರೆಯಲು ಹರಿತವಾದ ಚೂರಿ ಅಥವಾ ಒಡೆದ ಗಾಜಿನ ಅಂಚು. ಬಡಿಗೇರರ ಹತ್ತಿರ ಸ್ನೇಹವಿದ್ದರೆ ಅವರ ಉಳಿಯೂ ಸಿಗುತ್ತದೆ, ಜೊತೆಗೆ ಸಲಹೆಯೂ.

ನಿಮ್ಮ ಮಾರಿಗಿಂತ ಐದು ಸೆಂಟಿಮೀಟರ್ ಹೆಚ್ಚಿರುವಂತೆ ದಬ್ಬೆಯನ್ನು ಕತ್ತರಿಸಿ, ನಡುವೆ ಗೆರೆ ಹಾಕಿ. ಆ ಗೆರೆಯ ಎರಡೂ ಬದಿಗೆ ಐದೈದು ಸೆಂಟಿಮೀಟರ್ ಹಿಡಿ. ಅಗಲ ನಡುವೆ ನಾಲ್ಕು ಸೆಂಟಿಮೀಟರ್ ಇರಲಿ. ಹಿಡಿಯಿಂದ ತುದಿಯವರೆಗಿನ ಭಾಗವೇ ಬಿಲ್ಲಿನ ತೋಳು; ತೋಳಿನ ಅರ್ಧದವರೆಗೆ ಅದೇ ಅಗಲ, ಅಲ್ಲಿಂದ ತುದಿಗೆ ಹೋಗುತ್ತಾ ಒಂದೂವರೆ ಸೆಂಟಿಮೀಟರಿಗೆ ಇಳಿಯಲಿ. ನೂಲು ಹಿಡಿದು ಗೆರೆ ಹಾಕಿ. ನೂಲು ನಡುಗೆರೆಯ ಮೇಲೆಯೇ ತುದಿಯಿಂದ ತುದಿಗೆ ಹೋಗಬೇಕು. ತುದಿಗಳು ಹಗುರವಾಗಿದ್ದಷ್ಟೂ ಬಾಣ ಚುರುಕಾಗಿ ಹೊರಡುತ್ತದೆ.

ಕೆತ್ತುವುದೆಲ್ಲ ಒಳಮೈಯಿಂದ ಮತ್ತು ಅಂಚುಗಳಿಂದ. ಹೊರಮೈಯ ಸಿಪ್ಪೆಗೆ ಮಚ್ಚು ತಾಗಬಾರದು. ಹೊರಗೆ ಉಬ್ಬಿರುವ ಗಿಣ್ಣಿನ ಅಂಚನ್ನು ಮರಳು ಕಾಗದದಿಂದ ಸವರಿ, ಅಷ್ಟೇ. ಸಮ ಮಾಡಲು ಹೋಗಬೇಡಿ, ಅಲ್ಲಿ ನಾರು ಕಡಿದುಹೋಗುತ್ತದೆ. ಒಳಗಿನ ಗಿಣ್ಣಿನ ಪರದೆಯನ್ನು ತೆಗೆಯಬೇಕು, ಆದರೆ ಆ ಜಾಗದಲ್ಲಿ ಅಕ್ಕಪಕ್ಕಕ್ಕಿಂತ ಒಂದು ಮಿಲಿಮೀಟರ್ ದಪ್ಪ ಉಳಿಸಿ. ಅಂಚುಗಳನ್ನೆಲ್ಲ ದುಂಡಗೆ ಉಜ್ಜಿ. ಬಿರುಕು ಹುಟ್ಟುವುದು ಯಾವಾಗಲೂ ಚೂಪು ಅಂಚಿನಲ್ಲಿ. ಬಿದಿರಿನ ಬುಡದ ಕಡೆ ಗೋಡೆ ದಪ್ಪ, ತುದಿಯ ಕಡೆ ತೆಳು ಎಂಬುದನ್ನು ನೆನಪಿಡಿ. ಎರಡೂ ತೋಳುಗಳನ್ನು ಒಂದೇ ಸಮ ಕೆರೆದರೆ ಬುಡದ ತೋಳು ಮೊಂಡಾಗಿ ಉಳಿಯುತ್ತದೆ.

ಹಿಡಿಯ ಒಳಮೈಗೆ ಒಂದು ಗೇಣು ಉದ್ದದ ಇನ್ನೊಂದು ಬಿದಿರಿನ ತುಂಡನ್ನು ಅಂಟು ಹಾಕಿ ಕೂರಿಸಿ, ಪುಂಡಿ ಹುರಿಯಿಂದ ಬಿಗಿಯಾಗಿ ಸುತ್ತಿ. ಹಿಡಿ ಬಾಗದೆ ನಿಂತರೆ ಕೈಗೆ ಒದೆತ ಕಡಿಮೆ. ತುದಿಗಳಲ್ಲಿ ಹೆದೆ ಕೂರುವ ಕೊಪ್ಪುಗಳನ್ನು ಅಂಚಿನಿಂದ ಓರೆಯಾಗಿ ಅರದಿಂದ ಕೊರೆಯಿರಿ. ಇವೂ ಹೊರಮೈಯನ್ನು ಮುಟ್ಟದಿರಲಿ. ಕೊಪ್ಪಿನ ಕೆಳಗೆ ನಾಲ್ಕು ಸುತ್ತು ದಾರ ಬಿಗಿದು ಅಂಟು ಸವರಿದರೆ ಬಿದಿರು ಅಲ್ಲಿಂದ ಸೀಳುವುದಿಲ್ಲ.

ಹೆದೆ

ಸಂಸ್ಕೃತದಲ್ಲಿ ಹೆದೆಗೆ ಮೌರ್ವಿ ಎಂಬ ಹೆಸರು ಬಂದದ್ದು ಮೂರ್ವ ಎಂಬ ನಾರಿನ ಗಿಡದಿಂದ. ಮಧ್ಯ ಭಾರತದ ಆದಿವಾಸಿಗಳು ಬಿದಿರಿನ ಸಿಪ್ಪೆಯನ್ನೇ ಸೀಳಿ ಹೆದೆ ಮಾಡುತ್ತಾರೆ. ನಮ್ಮ ಕೈಗೆ ಹತ್ತಿರದ್ದು ಪುಂಡಿ ನಾರು. ಎತ್ತಿನ ಹಗ್ಗ ಹೊಸೆಯುವವರು ಮನೆಯಲ್ಲಿದ್ದರೆ ಅವರ ಪಕ್ಕ ಕೂತು ಕಲಿಯಿರಿ; ಹೆದೆ ಹೊಸೆಯುವುದೂ ಅದೇ ವಿದ್ಯೆ, ಎಳೆ ಮಾತ್ರ ತೆಳು. ಆದರೆ ಮೊದಲ ಬಿಲ್ಲಿಗೆ ನಾನು ಪಾಲಿಯೆಸ್ಟರ್ ದಾರವನ್ನೇ ಹೇಳುತ್ತೇನೆ, ಚಪ್ಪಲಿ ಹೊಲಿಯುವವರು ಬಳಸುವ ದಪ್ಪ ದಾರ. ನೈಲಾನ್ ಬೇಡ, ಅದು ಹಿಗ್ಗುತ್ತಲೇ ಇರುತ್ತದೆ.

ಬಿಲ್ಲಿಗಿಂತ ಎರಡು ಗೇಣು ಉದ್ದ ಹೆಚ್ಚಿಟ್ಟುಕೊಂಡು ಎಳೆಗಳನ್ನು ಕತ್ತರಿಸಿ. ಎಲ್ಲ ಎಳೆಗಳ ಒಟ್ಟು ತಾಳಿಕೆ ಬಿಲ್ಲಿನ ಎಳೆತದ ತೂಕದ (ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲದ) ನಾಲ್ಕು ಪಟ್ಟಿಗಿಂತ ಹೆಚ್ಚಿರಬೇಕು. ಒಂದು ಎಳೆಗೆ ತೂಕ ಕಟ್ಟಿ ತೂಗುಬಿಟ್ಟು ಎಷ್ಟಕ್ಕೆ ಹರಿಯುತ್ತದೆಂದು ನೋಡಿದರೆ ಎಷ್ಟು ಎಳೆ ಬೇಕೆಂಬುದು ತಿಳಿಯುತ್ತದೆ. ಎರಡು ಪಾಲು ಮಾಡಿ, ಜೇನುಮೇಣ ಉಜ್ಜಿ, ಒಂದೊಂದು ಪಾಲನ್ನೂ ಬಲಕ್ಕೆ ತಿರುಚುತ್ತಾ ಎರಡನ್ನೂ ಸೇರಿಸಿ ಎಡಕ್ಕೆ ಹೊಸೆಯಿರಿ. ಒಂದು ತುದಿಯಲ್ಲಿ ಕುಣಿಕೆ, ಇನ್ನೊಂದು ತುದಿಯನ್ನು ಬೇಕೆಂದಾಗ ಬಿಚ್ಚಿ ಉದ್ದ ಹೊಂದಿಸುವಂತೆ ಗಂಟು. ಬಾಣ ಕೂರುವ ನಡುಭಾಗಕ್ಕೆ ಒಂದು ಗೇಣಿನಷ್ಟು ತೆಳು ದಾರ ಒತ್ತಾಗಿ ಸುತ್ತಿ.

ಬಾಗಿನ ಹದ

ಇಲ್ಲಿಯವರೆಗೆ ನೀವು ಮಾಡಿದ್ದು ಕೋಲು. ಬಿಲ್ಲು ಹುಟ್ಟುವುದು ಇಲ್ಲಿಂದ. ಕೈಲಿರುವ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು, ಮೊಬೈಲ್ ದೂರವಿಟ್ಟು, ಎರಡು ಮೂರು ದಿನದ ಸಂಜೆಗಳನ್ನು ಇದಕ್ಕೆ ಕೊಡಿ.

ಮೊದಲು ಒಂದು ಲೆಕ್ಕ ಮನಸ್ಸಿನಲ್ಲಿರಲಿ. ತೋಳಿನ ಅಗಲವನ್ನು ಹತ್ತರಲ್ಲಿ ಒಂದು ಪಾಲು ಕಡಿಮೆ ಮಾಡಿದರೆ ಅದರ ಬಿಗಿಯೂ ಹತ್ತರಲ್ಲಿ ಒಂದು ಪಾಲು ಇಳಿಯುತ್ತದೆ. ದಪ್ಪವನ್ನು ಅಷ್ಟೇ ಕಡಿಮೆ ಮಾಡಿದರೆ ಬಿಗಿ ಕಾಲು ಪಾಲಿಗಿಂತ ಹೆಚ್ಚು ಇಳಿದುಬಿಡುತ್ತದೆ, ಏಕೆಂದರೆ ಬಿಗಿ ನಡೆಯುವುದು ದಪ್ಪದ ಘನಕ್ಕೆ ತಕ್ಕಂತೆ. ಹತ್ತು ಮಿಲಿಮೀಟರ್ ದಪ್ಪದ ತೋಳಿನಲ್ಲಿ ಒಂದು ಮಿಲಿಮೀಟರ್ ಎಂದರೆ ಅಷ್ಟು ದೊಡ್ಡ ಮಾತು. ಹೀಗಾಗಿ ದಪ್ಪ ತೆಗೆಯುವಾಗ ಪುಡಿಯಂತೆ ತೆಗೆಯಬೇಕು. ಒಮ್ಮೆ ತೆಗೆದದ್ದನ್ನು ಯಾರೂ ತಿರುಗಿ ಅಂಟಿಸಲಾರರು.

ಹೆದೆ ಏರಿಸದೆ ಶುರು ಮಾಡಿ. ಬಿಲ್ಲಿನ ಒಂದು ತುದಿಯನ್ನು ನೆಲಕ್ಕೆ ಊರಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು, ಹಿಡಿಯ ಒಳಗಿನಿಂದ ಅಂಗೈಯಲ್ಲಿ ನೂಕಿ. ಯಾವ ತೋಳು ಹೆಚ್ಚು ಬಾಗುತ್ತದೆ, ಎಲ್ಲಿ ಮೊಂಡಾಗಿ ನಿಲ್ಲುತ್ತದೆ ಎಂಬುದು ಅಂಗೈಗೇ ತಿಳಿಯುತ್ತದೆ. ಮೊಂಡಾದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು, ಆ ಗೆರೆಗಳು ಅಳಿಸಿಹೋಗುವಷ್ಟು ಮಾತ್ರ ಒಳಮೈಯನ್ನು ಕೆರೆಯಿರಿ. ಮತ್ತೆ ಬಾಗಿಸಿ ನೋಡಿ. ಎರಡೂ ತೋಳುಗಳು ನೆಲದ ಮೇಲೆ ಅಂಗೈ ಅಗಲದಷ್ಟು ಸಮವಾಗಿ ಬಾಗುವವರೆಗೆ ಇದೇ ಕೆಲಸ.

ಆಮೇಲೆ ಗೋಡೆಗೆ ಹೋಗಿ. ಎದೆಯೆತ್ತರಕ್ಕಿಂತ ಸ್ವಲ್ಪ ಮೇಲೆ ಒಂದು ಗಟ್ಟಿ ಮರದ ಗೂಟ ಬಡಿದು, ಅದರ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ. ಸಡಿಲವಾದ ಉದ್ದ ಹೆದೆ ಕಟ್ಟಿ. ನೇರ ಕೆಳಗೆ ನೆಲದ ಹತ್ತಿರ ಒಂದು ರಾಟೆ ಸಿಕ್ಕಿಸಿ, ಹೆದೆಯ ನಡುವಿಗೆ ತೂಗು ತಕ್ಕಡಿಯ ಕೊಕ್ಕೆ ಹಾಕಿ, ತಕ್ಕಡಿಗೆ ಕಟ್ಟಿದ ಹಗ್ಗವನ್ನು ರಾಟೆಯ ಮೂಲಕ ತಂದು ನಾಲ್ಕು ಹೆಜ್ಜೆ ದೂರ ನಿಲ್ಲಿ. ಅಲ್ಲಿಂದ ಹಗ್ಗ ಎಳೆದರೆ ಬಿಲ್ಲು ನಿಮ್ಮ ಕಣ್ಣ ಮುಂದೆ ಬಾಗುತ್ತದೆ, ತೂಕವೂ ಕಾಣುತ್ತದೆ. ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಅಡ್ಡಗೆರೆ ಹಾಕಿಕೊಂಡಿದ್ದರೆ ಎರಡು ತೋಳುಗಳ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಎಳೆತದ ತೂಕ ಎಷ್ಟಿರಬೇಕೆಂದು ಈಗಲೇ ನಿಶ್ಚಯಿಸಿ. ಹೊಸಬರಿಗೆ 25 ಪೌಂಡ್, ಅಂದರೆ ಹನ್ನೊಂದು ಕಿಲೋಗಿಂತ ಸ್ವಲ್ಪ ಹೆಚ್ಚು, ಬೇಕಾದಷ್ಟಾಯಿತು. ತೋಳ್ಬಲ ಇರುವ ಯುವಕರು ಐವತ್ತು ಬೇಕೆನ್ನುತ್ತಾರೆ. ಅಂಥ ಬಿಲ್ಲು ಹಿಡಿದವರ ಬೆನ್ನು ಹತ್ತು ಬಾಣಕ್ಕೆ ನಡುಗಿ, ಗುರಿಯ ಬದಲು ತೂಕದ ಜೊತೆ ಹೋರಾಟ ಶುರುವಾಗುತ್ತದೆ. ಕಡಿಮೆ ತೂಕವೆಂದರೆ ಕಡಿಮೆ ಬಿಲ್ಲು ಎಂದಲ್ಲ.

ಇನ್ನು ಮುರಿಯಬಾರದ ನಿಯಮ: ನಿಶ್ಚಯಿಸಿದ ತೂಕಕ್ಕಿಂತ ಹೆಚ್ಚು ಎಂದೂ ಎಳೆಯಬೇಡಿ. ತಕ್ಕಡಿ 25 ತೋರಿಸುವಾಗ ಹೆದೆ ಇನ್ನೂ ಹನ್ನೆರಡು ಅಂಗುಲದಲ್ಲೇ ಇದ್ದರೆ ಅಲ್ಲೇ ನಿಲ್ಲಿಸಿ. ಬಿಲ್ಲು ಇಳಿಸಿ, ಎರಡೂ ತೋಳುಗಳ ಒಳಮೈಯನ್ನು ಸಮನಾಗಿ ಹದಿನೈದು ಇಪ್ಪತ್ತು ಸಲ ಕೆರೆಯಿರಿ. ತಿರುಗಿ ಗೂಟಕ್ಕೇರಿಸಿ, ಅದೇ ದೂರದವರೆಗೆ ಮೂವತ್ತು ಸಲ ನಿಧಾನವಾಗಿ ಎಳೆದು ಬಿಡಿ. ಕೆರೆದದ್ದರ ಪರಿಣಾಮ ಕೂಡಲೇ ಕಾಣುವುದಿಲ್ಲ. ಈ ಮೂವತ್ತು ಎಳೆತಗಳಲ್ಲಿ ಬಿದಿರು ತನ್ನ ಹೊಸ ಬಾಗನ್ನು ಒಪ್ಪಿಕೊಳ್ಳುತ್ತದೆ. ಈಗ ನೋಡಿದರೆ 25 ಪೌಂಡ್ ಹದಿಮೂರು ಅಂಗುಲಕ್ಕೆ ಬಂದಿರುತ್ತದೆ. ಹೀಗೆ ಅಂಗುಲ ಅಂಗುಲವಾಗಿ 26ಕ್ಕೆ ಇಳಿಯಬೇಕು. ನಡುವೆ, ಹದಿನೈದರ ಆಸುಪಾಸಿನಲ್ಲಿ, ಉದ್ದ ಹೆದೆ ತೆಗೆದು ಬಿಗಿ ಹೆದೆ ಏರಿಸಿ. ಮೊದಲು ಹಿಡಿಗೂ ಹೆದೆಗೂ ನಾಲ್ಕು ಬೆರಳಿನ ಅಂತರ ಸಾಕು. ಕೊನೆಗೆ ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ ಎಷ್ಟಾಗುತ್ತದೋ ಅಷ್ಟು, ಸುಮಾರು ಹದಿನೈದು ಸೆಂಟಿಮೀಟರ್.

ಬಾಗು ನೋಡುವಾಗ ಕಣ್ಣಿಗೆ ಏನು ಕಾಣಬೇಕು? ಹಿಡಿಯ ಪಕ್ಕದಿಂದ ತುದಿಯವರೆಗೆ ಒಂದೇ ಸಮನಾದ ಕಮಾನು. ಒಂದು ಕಡೆ ಮಡಚಿದಂತೆ ಕಂಡರೆ ಅಲ್ಲಿ ಬಿಲ್ಲು ದುರ್ಬಲ. ಆ ಜಾಗವನ್ನು ಮುಟ್ಟಬೇಡಿ, ಗುರುತು ಹಾಕಿ ಬಿಡಿ, ಅದರ ಎರಡೂ ಬದಿಯನ್ನು ಕೆರೆದು ಆ ಜಾಗದ ಭಾರವನ್ನು ಹಂಚಿ. ಒಳಮೈಯಲ್ಲಿ ಅಡ್ಡ ಸುಕ್ಕು ಮೂಡಿದರೆ ಅಲ್ಲಿ ನಾರು ಜಜ್ಜಿಹೋಗಿದೆ. ಅಂಥ ಬಿಲ್ಲನ್ನು ತೂಕ ಇಳಿಸಿ ಮಕ್ಕಳಿಗೆ ಮಾಡಿಕೊಡಬಹುದು, ನಿಮ್ಮ ಎಳೆತಕ್ಕೆ ಅದು ಬಾಳುವುದಿಲ್ಲ. ಹೊರಮೈಯಲ್ಲಿ ನಾರು ಎದ್ದರೆ ಅಲ್ಲಿಗೆ ನಿಲ್ಲಿಸಿ. ತೋಳು ತಿರುಚಿಕೊಂಡು ಹೆದೆ ನಡುವಿನಿಂದ ಪಕ್ಕಕ್ಕೆ ಸರಿದರೆ, ಹೆದೆ ಯಾವ ಕಡೆ ವಾಲಿದೆಯೋ ಆ ಕಡೆಯ ಕೊಪ್ಪನ್ನು ಸ್ವಲ್ಪ ಆಳ ಮಾಡಿ ನೋಡಿ. ಆಗದಿದ್ದರೆ ಬೆಂಕಿಯ ಕೆಂಡದ ಮೇಲೆ ಹಿಡಿದು, ಮುಟ್ಟಲಾಗದಷ್ಟು ಬಿಸಿಯಾದಾಗ ಎದುರು ದಿಕ್ಕಿಗೆ ತಿರುಚಿ ಆರುವವರೆಗೆ ಹಿಡಿದಿರಿ. ಮೊಬೈಲನ್ನು ಈಗ ಹತ್ತಿರ ತನ್ನಿ: ಒಂದೊಂದು ಹಂತದಲ್ಲೂ ಒಂದೇ ಜಾಗದಿಂದ ಫೋಟೊ ತೆಗೆದು, ಅದನ್ನು ತಲೆಕೆಳಗಾಗಿಸಿ ನೋಡಿ. ನೇರ ನೋಡಿದಾಗ ತಪ್ಪಿಸಿಕೊಂಡ ಡೊಂಕು ಹಾಗೆ ನೋಡಿದಾಗ ಸಿಕ್ಕಿಬೀಳುತ್ತದೆ.

ಹೆದೆ ಇಳಿಸಿದ ಮೇಲೆ ಬಿಲ್ಲು ಪೂರ್ತಿ ನೇರಕ್ಕೆ ಬರುವುದಿಲ್ಲ. ಎರಡು ಮೂರು ಸೆಂಟಿಮೀಟರ್ ಬಾಗು ಉಳಿಯುತ್ತದೆ. ಅದು ಸಹಜ. ಅಂಗೈ ಅಗಲಕ್ಕಿಂತ ಹೆಚ್ಚು ಉಳಿದರೆ ಬಿದಿರು ಹಸಿಯಿತ್ತು, ಇಲ್ಲವೇ ನೀವು ಅವಸರಪಟ್ಟಿರಿ. ಹದ ಮುಗಿದ ಮೇಲೆ ಮರಳು ಕಾಗದದಿಂದ ಉಜ್ಜಿ ಅಗಸೆ ಎಣ್ಣೆ ಸವರಿ. ಚಟ್ನಿಪುಡಿಗೆ ಅಗಸೆ ಹುರಿಯುವ ಮನೆಗಳಲ್ಲಿ ಅದರ ಎಣ್ಣೆ ಕಟ್ಟಿಗೆಗೂ ಆಗುತ್ತದೆಂದರೆ ಅಚ್ಚರಿಪಡುತ್ತಾರೆ. ತೆಳುವಾಗಿ ಸವರಿ, ಒಂದು ದಿನ ಬಿಟ್ಟು ಮತ್ತೆ ಸವರಿ. ಮೂರು ನಾಲ್ಕು ಸಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಮರದ ಬಿಲ್ಲಿಗೆ ಹೊರಟರೆ

ಎರಡು ಬಿದಿರಿನ ಬಿಲ್ಲು ಕೆತ್ತಿದ ಮೇಲೆ ಮರಕ್ಕೆ ಬನ್ನಿ. ಹಳಬರ ಆಯ್ಕೆ ತಡಸಲು. ಸಂಸ್ಕೃತದಲ್ಲಿ ಅದಕ್ಕೆ ಧನುರ್ವೃಕ್ಷ ಎಂದೇ ಹೆಸರಿದೆ. ಗಾಡಿಯ ಮೂಕಿ, ಕೊಡಲಿಯ ಕಾವಿಗೆ ಬಳಸುವ, ಬಾಗಿ ಬರುವ ಮರ. ದಿಂಡಲವೂ ಗಟ್ಟಿ. ಆದರೆ ಇವೆರಡೂ ನಮ್ಮ ಬಯಲಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಮತ್ತು ನಿಂತ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಮತಿ ಬೇಕು. ಹಾಗಾಗಿ ನನ್ನ ಕಣ್ಣು ಬಿದ್ದದ್ದು ಎಲ್ಲರೂ ಬೈಯುವ ಗಿಡದ ಮೇಲೆ: ಬಳ್ಳಾರಿ ಜಾಲಿ.

ಅಮೆರಿಕ ಖಂಡದಿಂದ ಬಂದು ನಮ್ಮ ಪಕ್ಕದ ಜಿಲ್ಲೆಯ ಹೆಸರನ್ನು ಹೊತ್ತುಕೊಂಡ ಈ ಜಾಲಿ, ನಾವು ದಸರೆಗೆ ಪೂಜಿಸುವ ಬನ್ನಿಯ ದೂರದ ಸಂಬಂಧಿ. ಹೊಲ ನುಂಗುತ್ತದೆ ಎಂಬ ದೂರು ನಿಜ. ಆದರೆ ಅದರ ಕಟ್ಟಿಗೆ ಗಟ್ಟಿ, ಒಣಗುವಾಗ ಕುಗ್ಗುವುದು ಬಹಳ ಕಡಿಮೆ, ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಗುಣ. ತೊಂದರೆ ಒಂದೇ, ನೆಟ್ಟಗೆ ಬೆಳೆಯುವುದಿಲ್ಲ. ಹಿಂದೆ ಕಡಿದ ಬೊಡ್ಡೆಯಿಂದ ಚಿಗುರಿ ಮೇಲೆದ್ದ ಕೊಂಬೆಗಳನ್ನು ಹುಡುಕಿ. ತೋಳಿನ ದಪ್ಪದ, ಒಂದು ಮಾರು ನೆಟ್ಟಗಿರುವ, ಪಕ್ಕದ ಕವಲು ಕಡಿಮೆ ಇರುವ ಕೊಂಬೆ ಸಿಕ್ಕರೆ ಅದೇ ಭಾಗ್ಯ. ನಾನು ಮೂರು ಭಾನುವಾರ ಸುತ್ತಿ ಒಂದು ಕಂಡೆ. ಮುಳ್ಳು ಚುಚ್ಚಿದರೆ ಕೀವಾಗುತ್ತದೆ, ದಪ್ಪ ಚರ್ಮದ ಕೈಗವಸು ಹಾಕಿಕೊಂಡೇ ಹೋಗಿ.

ಮರದ ಕೊಂಬೆಯನ್ನು ಗರಗಸದಿಂದ ಕೊಯ್ಯಬೇಡಿ, ಬೆಣೆ ಬಡಿದು ಸೀಳಿ. ಸೀಳು ನಾರಿನ ಜೊತೆ ಹೋಗುತ್ತದೆ, ಗರಗಸ ನಾರನ್ನು ಕಡಿಯುತ್ತದೆ. ತುದಿಗಳಿಗೆ ಕೂಡಲೇ ಅಂಟು ಬಳಿಯಿರಿ. ತೊಗಟೆಯ ಕೆಳಗಿನ ಮೊದಲ ಮೈಯೇ ಬಿಲ್ಲಿನ ಹೊರಮೈ ಆಗಬೇಕು. ತೊಗಟೆ ತೆಗೆಯುವಾಗ ಮಚ್ಚು ಒಳಗಿನ ಮರಕ್ಕೆ ತಾಗಿದರೆ ನಾಳೆ ಬಿಲ್ಲು ಅಲ್ಲೇ ಮುರಿಯುತ್ತದೆ. ಗಂಟು ಇದ್ದ ಕಡೆ ಅದರ ಸುತ್ತ ಅಗಲವನ್ನು ಹೆಚ್ಚು ಬಿಟ್ಟು ದಾಟಿ. ಒಣಗಲು ಬಿದಿರಿಗಿಂತ ಹೆಚ್ಚು ಕಾಲ ಬೇಕು. ಹೆಬ್ಬೆರಳು ದಪ್ಪದ ಸೀಳಿಗೂ ಒಂದು ವರ್ಷ ಕೊಡಿ, ತಕ್ಕಡಿಯ ಮಾತು ಕೇಳಿ. ಹದ ಮಾಡುವುದೆಲ್ಲ ಮೇಲೆ ಹೇಳಿದಂತೆಯೇ.

ಬಾಣ

ಬಾಣಕ್ಕೆ ಕಿರುಬೆರಳಿಗಿಂತ ತೆಳುವಾದ ಬಿದಿರಿನ ಕಡ್ಡಿ, ನಿಮ್ಮ ಎಳೆತಕ್ಕಿಂತ ಎರಡು ಅಂಗುಲ ಹೆಚ್ಚು ಉದ್ದ. ಕೆಂಡದ ಮೇಲೆ ಕಾಯಿಸಿ, ಡೊಂಕನ್ನು ಬೆರಳಲ್ಲಿ ಒತ್ತಿ ನೇರ ಮಾಡಿ. ಹೆದೆ ಕೂರುವ ಕಚ್ಚನ್ನು ಗಿಣ್ಣಿನ ತುಸು ಮೇಲೆ ಕೊರೆದು, ಕೆಳಗೆ ದಾರ ಸುತ್ತಿ. ಮೂರು ಗರಿಗಳು, ಮೂರೂ ಒಂದೇ ಕಡೆಯ ರೆಕ್ಕೆಯವು. ಎಡ ಬಲ ಬೆರೆಸಿದರೆ ಬಾಣ ಹಾದಿ ತಪ್ಪುತ್ತದೆ. ಕೋಳಿ, ಬಾತುಕೋಳಿಯ ರೆಕ್ಕೆಯ ಗರಿ ಸಾಕು. ನವಿಲುಗರಿಯ ಆಸೆ ಬಿಡಿ. ಪ್ರತಿ ಸಲ ಹೊಡೆಯುವ ಮೊದಲು ಬಾಣವನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಾಗಿಸಿ. ಚಿಟಚಿಟ ಸದ್ದು ಬಂದರೆ ಅಲ್ಲೇ ಮುರಿದು ಹಾಕಿ. ಬಿರುಕು ಬಿಟ್ಟ ಕಡ್ಡಿ ಹೊರಡುವಾಗ ಸೀಳಿ ಬಿಲ್ಲು ಹಿಡಿದ ಕೈಗೆ ಹೊಕ್ಕುತ್ತದೆ.

ನಿಂತು ಹೊಡೆಯುವಾಗ

ಗುರಿಗೆ ನಮ್ಮಲ್ಲಿ ಬರವಿಲ್ಲ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಹುಲ್ಲಿನ ಕಟ್ಟು, ರಾಯಚೂರಿನ ಕಡೆ ಗೋಣಿಚೀಲದಲ್ಲಿ ಬಿಗಿಯಾಗಿ ತುಂಬಿದ ಹಳೆಯ ಸೀರೆ ಮತ್ತು ಹತ್ತಿ. ಹಿಂದೆ ಮಣ್ಣಿನ ದಿಬ್ಬ ಇರಲಿ. ಕೊಪ್ಪಳ, ಬಳ್ಳಾರಿಯ ಬಂಡೆಗಳ ಕಡೆಗೆ ಮಾತ್ರ ಎಂದೂ ಹೊಡೆಯಬೇಡಿ. ಬಂಡೆಗೆ ತಾಗಿದ ಬಾಣ ಎಲ್ಲಿಗೆ ಚಿಮ್ಮುತ್ತದೆಂದು ಯಾರೂ ಹೇಳಲಾರರು. ಕುರಿ ಕಾಯುವವರು, ಹೊಳೆಗೆ ಹೋಗುವವರು ಹಾಯುವ ದಾರಿ ಎದುರಿಗಿರಬಾರದು. ಪ್ರಾಣಿ ಪಕ್ಷಿಗಳ ಮೇಲೆ ಬಿಲ್ಲು ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ನನ್ನ ಮಟ್ಟಿಗೆ ಅದು ಬಿಲ್ಲಿಗೂ ಅವಮಾನ.

ಮೊದಲ ತಿಂಗಳು ಏಳೆಂಟು ಹೆಜ್ಜೆ ದೂರದಿಂದ, ಗುರಿಯ ಚುಕ್ಕೆ ಇಲ್ಲದೆ, ಬರೀ ಹುಲ್ಲಿಗೆ ಹೊಡೆಯಿರಿ. ಎಡಗೈ ಹಿಡಿಯನ್ನು ಹಿಸುಕದೆ ನೂಕುತ್ತಿರಲಿ. ತೋರುಬೆರಳು ಬಾಣದ ಮೇಲೆ, ಎರಡು ಬೆರಳು ಕೆಳಗೆ, ಹೆದೆ ಬಾಯಿಯ ಅಂಚಿಗೆ ಬಂದು ಪ್ರತಿ ಸಲವೂ ಅದೇ ಜಾಗದಲ್ಲಿ ತಂಗಲಿ. ತೋಳಿನಿಂದಲ್ಲ, ಬೆನ್ನಿನಿಂದ ಎಳೆಯಿರಿ. ಹೆಬ್ಬೆರಳಿನಿಂದ ಎಳೆಯುವ ಇನ್ನೊಂದು ಪದ್ಧತಿಯೂ ಏಷ್ಯಾದಲ್ಲಿ ಹಳೆಯದು. ಏಕಲವ್ಯನಿಂದ ದ್ರೋಣರು ಹೆಬ್ಬೆರಳನ್ನೇ ಏಕೆ ಕೇಳಿದರೆಂಬುದು ಆ ಪದ್ಧತಿಯಲ್ಲಿ ಹೊಡೆದು ನೋಡಿದ ದಿನ ನನ್ನ ಕೈಗೆ ಅರ್ಥವಾಯಿತು. ಅಂದು ರಾತ್ರಿ ಆ ಕತೆ ನೆನೆದು ನಿದ್ದೆ ಬರಲಿಲ್ಲ. ಬೆರಳಿಗೆ ಚರ್ಮದ ತುಂಡು, ಎಡ ಮುಂಗೈಗೆ ದಪ್ಪ ಬಟ್ಟೆ ಕಟ್ಟಿಕೊಳ್ಳಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತಿರುಗಿ ಬಿಲ್ಲಿಗೇ ಬಡಿದು ತೋಳು ಸಿಡಿಯುತ್ತದೆ. ಊರಿನ ಮಕ್ಕಳು ಸುತ್ತ ಸೇರಿದಾಗ ಇದನ್ನು ಮೊದಲು ಹೇಳಿ.

ಸ್ಪರ್ಧೆಯ ಆಸೆ ಹುಟ್ಟಿದರೆ ನಮ್ಮ ದೇಶದಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವಿದೆ. ಬಿದಿರು, ಮರದ ಬಿಲ್ಲಿನಿಂದ 50 ಮತ್ತು 30 ಮೀಟರ್ ದೂರಕ್ಕೆ ಹೊಡೆಯುತ್ತಾರೆ. ರಾಜಸ್ಥಾನದ ಲಿಂಬಾ ರಾಮ್ ಒಲಿಂಪಿಕ್ಸ್‌ವರೆಗೆ ಹೋದದ್ದು ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಿ.

ಹೊಡೆದು ಮುಗಿಸಿದ ಕೂಡಲೇ ಹೆದೆ ಇಳಿಸಿ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಬನ್ನಿಮರದಲ್ಲಿ ಆಯುಧ ಬಚ್ಚಿಡುವ ಮೊದಲು ಒಬ್ಬೊಬ್ಬರೂ ತಮ್ಮ ಬಿಲ್ಲಿನ ಹೆದೆಯನ್ನು ಇಳಿಸಿದ್ದರು. ಮೂಲೆಗೆ ಒರಗಿಸಿ ನಿಲ್ಲಿಸಬೇಡಿ, ಎರಡು ಗೂಟಗಳ ಮೇಲೆ ಅಡ್ಡ ಮಲಗಿಸಿ. ತಗಡಿನ ಮಾಡಿನ ಕೆಳಗೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಡುಮಧ್ಯಾಹ್ನ ಹೆದೆ ಏರಿಸಬೇಡಿ. ಅತಿಯಾಗಿ ಒಣಗಿದ ಬಿದಿರು ಪೆಡಸಾಗಿರುತ್ತದೆ. ನನ್ನ ಬಿಲ್ಲು ಬೇಸಿಗೆಯಲ್ಲಿ ನೀರಿನ ಮಡಕೆ ಇಟ್ಟ ಕೋಣೆಯಲ್ಲಿ ಮಲಗಿರುತ್ತದೆ. ಸಂಜೆ ಐದೂವರೆಗೆ ಬಿಸಿಲು ಬಂಡೆಗಳ ಹಿಂದೆ ಇಳಿದ ಮೇಲೆ ಅದನ್ನು ಇಳಿಸಿ, ಪೂರ್ತಿ ಎಳೆಯುವ ಮೊದಲು ಅರ್ಧಕ್ಕೆ ಹತ್ತು ಸಲ ಎಳೆದು ಮೈ ಸಡಿಲಿಸಿ, ಆಮೇಲೆ ಮೊದಲ ಬಾಣ ಹೂಡುತ್ತೇನೆ.